ನಾಯಿಗೆ ಮೂತ್ರಕೋಶದಲ್ಲಿ ಕಲ್ಲಾದರೆ: ಮೊದಲು ಯಾವ ಕಲ್ಲು ಅಂತ ತಿಳಿದುಕೊಳ್ಳಿ

ನಾಯಿ ಮತ್ತೆ ಮತ್ತೆ ಉಚ್ಚೆಗೆ ನಿಲ್ಲುತ್ತಿದೆ, ತಿಣುಕುತ್ತಿದೆ, ಆದರೆ ಹನಿಯೂ ಬರುತ್ತಿಲ್ಲವೇ? ಹಾಗಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಪಶುವೈದ್ಯರಿಗೆ ಫೋನ್ ಮಾಡಿ ಹೊರಡಿ. ರಾತ್ರಿಯಾದರೂ ಸರಿ. ಬೆಳಗ್ಗೆ ನೋಡೋಣ ಅನ್ನುವ ಕಾಯಿಲೆ ಇದಲ್ಲ.

ಹೀಗೆ ಕಲ್ಲು ಸಿಕ್ಕಿ ದಾರಿ ಕಟ್ಟುವುದು ಜಾಸ್ತಿ ಗಂಡು ನಾಯಿಗಳಿಗೆ. ಗಂಡು ನಾಯಿಯ ಶಿಶ್ನದೊಳಗೆ ಒಂದು ಸಣ್ಣ ಮೂಳೆ ಇರುತ್ತದೆ, ಮೂತ್ರ ಹೊರಬರುವ ನಾಳ ಆ ಮೂಳೆಯ ಸಂದಿಯಲ್ಲಿ ಹಾದು ಹೋಗುತ್ತದೆ, ಅಲ್ಲಿ ಅದು ಹಿಗ್ಗಲು ಜಾಗವೇ ಇಲ್ಲ, ಹಾಗಾಗಿ ಜಾರಿ ಬಂದ ಸಣ್ಣ ಕಲ್ಲು ಆ ಮೂಳೆಯ ಹಿಂದೆ ಬಂದು ಸಿಕ್ಕಿಹಾಕಿಕೊಳ್ಳುತ್ತದೆ. ದಾರಿ ಪೂರ್ತಿ ಮುಚ್ಚಿದರೆ ಮೂತ್ರಕೋಶ ಉಬ್ಬುತ್ತದೆ, ಕಿಡ್ನಿ ಮೇಲೆ ಒತ್ತಡ ಬೀಳುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಮೂತ್ರಕೋಶ ಒಡೆಯುವುದೂ ಉಂಟು. ವಾಂತಿ, ಊಟ ಬಿಡುವುದು, ಸುಮ್ನೆ ಬಿದ್ದುಕೊಂಡಿರುವುದು, ಹೊಟ್ಟೆ ಬಿಗಿಯಾಗಿರುವುದು ಕಂಡರೆ ಪರಿಸ್ಥಿತಿ ಆಗಲೇ ಕೈಮೀರುತ್ತಿದೆ ಅಂತ ತಿಳಿಯಿರಿ. ಹೊಟ್ಟೆ ಒತ್ತಿ ಉಚ್ಚೆ ಬರಿಸಲು ಹೋಗಬೇಡಿ. ನೀರು ಕುಡಿಸಿದರೆ ಕಲ್ಲು ಕೊಚ್ಚಿಕೊಂಡು ಹೋಗುತ್ತದೆ ಅಂತ ಒತ್ತಾಯದಿಂದ ಕುಡಿಸಲೂಬೇಡಿ. ದಾರಿ ಮುಚ್ಚಿರುವಾಗ ಕುಡಿಸಿದ ನೀರು ಹೋಗುವುದಾದರೂ ಎಲ್ಲಿಗೆ?

ಇನ್ನೊಂದು ಗೊಂದಲ. ತಿಣುಕುವುದನ್ನು ನೋಡಿ ಮಲಬದ್ಧತೆ ಅಂದುಕೊಂಡು ಒಂದು ದಿನ ಕಳೆಯುವವರು ತುಂಬಾ ಜನ. ಬಾಲದ ಕೆಳಗೆ ಅಲ್ಲ, ನೆಲದ ಮೇಲೆ ನೋಡಿ: ಒದ್ದೆಯಾಗಿದೆಯಾ ಇಲ್ವಾ?

ದಾರಿ ಮುಚ್ಚಿಲ್ಲ, ಆದರೆ ಏನೋ ಸರಿಯಿಲ್ಲ

ಸ್ವಲ್ಪ ಸ್ವಲ್ಪವೇ ಹತ್ತಾರು ಸಲ ಉಚ್ಚೆ ಮಾಡುವುದು, ಅದರಲ್ಲಿ ರಕ್ತ ಕಾಣುವುದು, ಆ ಜಾಗವನ್ನು ಪದೇ ಪದೇ ನೆಕ್ಕುವುದು, ಇಷ್ಟು ವರ್ಷ ಶಿಸ್ತಾಗಿದ್ದ ನಾಯಿ ಮನೆಯೊಳಗೇ ಮಾಡಿಬಿಡುವುದು. ಮನೆಯೊಳಗೆ ಮಾಡಿತು ಅಂತ ಬೈಯಬೇಡಿ, ಪಾಪ, ಅದಕ್ಕೆ ತಡೆದುಕೊಳ್ಳಲು ಆಗುತ್ತಿಲ್ಲ. ಕೆಲವು ನಾಯಿಗಳಲ್ಲಿ ಇದ್ಯಾವ ಲಕ್ಷಣವೂ ಇರುವುದಿಲ್ಲ, ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆದಾಗ ಕಲ್ಲು ಕಾಣುತ್ತದೆ.

ಆದರೆ ಇದೇ ಲಕ್ಷಣಗಳು ಬರೀ ಸೋಂಕಿನಿಂದಲೂ ಬರುತ್ತವೆ. ಬೀಜ ತೆಗೆಸದ ಗಂಡು ನಾಯಿಯಲ್ಲಿ ಪ್ರಾಸ್ಟೇಟ್ ಊತದಿಂದ ಬರಬಹುದು, ವಯಸ್ಸಾದ ನಾಯಿಯಲ್ಲಿ ಮೂತ್ರಕೋಶದ ಗಡ್ಡೆಯಿಂದಲೂ ಬರಬಹುದು. ಹಾಗಾಗಿ ಆ್ಯಂಟಿಬಯಾಟಿಕ್ ಕೊಟ್ಟಾಗ ಕಡಿಮೆಯಾಗಿ, ನಿಲ್ಲಿಸಿದ ಕೂಡಲೇ ಮತ್ತೆ ಶುರುವಾದರೆ, ಅದೇ ಔಷಧಿಯನ್ನು ಮತ್ತೆ ತರುವುದಲ್ಲ, ಒಳಗೆ ಏನಿದೆ ಅಂತ ನೋಡಿಸಬೇಕು. ಸೋಂಕು ಪದೇ ಪದೇ ಬರುತ್ತಿದ್ದರೆ ಡಯಾಬಿಟಿಸ್, ಕುಶಿಂಗ್ಸ್ (ದೇಹದಲ್ಲಿ ಕಾರ್ಟಿಸಾಲ್ ಹಾರ್ಮೋನ್ ಅತಿಯಾಗುವುದು) ಕಾಯಿಲೆಗಳನ್ನೂ ಡಾಕ್ಟರ್ ಪರೀಕ್ಷಿಸುತ್ತಾರೆ.

ಮಲಗಿದ್ದಾಗ ಗೊತ್ತಿಲ್ಲದೆ ಸೋರುವುದು ಬೇರೆ ವಿಷಯ. ಗರ್ಭಕೋಶ ತೆಗೆಸಿದ ಹೆಣ್ಣು ನಾಯಿಗಳಲ್ಲಿ ಇದು ಸಾಮಾನ್ಯ, ಮಾತ್ರೆಯಿಂದ ಚೆನ್ನಾಗಿ ಹಿಡಿತಕ್ಕೆ ಬರುತ್ತದೆ. ಬಟ್ಟಲುಗಟ್ಟಲೆ ನೀರು ಕುಡಿದು ಲೀಟರುಗಟ್ಟಲೆ ಉಚ್ಚೆ ಮಾಡುವುದು ಇನ್ನೂ ಬೇರೆ. ಅನುಮಾನವಿದ್ದರೆ ಒಂದು ದಿನ ನೀರನ್ನು ಅಳೆದು ಇಡಿ. ಪ್ರತಿ ಕೆಜಿ ತೂಕಕ್ಕೆ 100 ಮಿಲಿ ದಾಟಿದರೆ, ಅಂದರೆ 10 ಕೆಜಿ ನಾಯಿ ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ಕುಡಿದರೆ, ಡಾಕ್ಟರಿಗೆ ಹೇಳಲೇಬೇಕು. ಆದರೆ ಅಳೆಯಲಿಕ್ಕೆಂದು ನೀರು ಕಡಿಮೆ ಮಾಡಬೇಡಿ.

ಪರೀಕ್ಷೆ

ಬೆಳಗಿನ ಮೊದಲ ಉಚ್ಚೆಯನ್ನು ಸ್ವಚ್ಛ, ಒಣ ಡಬ್ಬಿಯಲ್ಲಿ ಹಿಡಿಯಿರಿ. ಹೆಣ್ಣು ನಾಯಿಗಾದರೆ ಅಗಲವಾದ ತಟ್ಟೆಯಂಥದ್ದು ಸುಲಭ. ಕುಳಿತ ಮೇಲೆ ಹಿಂದಿನಿಂದ ಮೆಲ್ಲಗೆ ಜಾರಿಸಿ, ಮೊದಲೇ ತೋರಿಸಿದರೆ ಎದ್ದು ಹೋಗುತ್ತದೆ. ಹಿಡಿದದ್ದನ್ನು ಬೇಗ ಕೊಡಿ. ತಡವಾಗುವುದಾದರೆ ಫ್ರಿಜ್‌ನಲ್ಲಿಟ್ಟು, ಹಾಗೆ ಇಟ್ಟಿದ್ದೆ ಅಂತ ಲ್ಯಾಬಿನವರಿಗೆ ಹೇಳಿ. ಯಾಕೆಂದರೆ ಮೂತ್ರ ತಣ್ಣಗಾದಾಗ ಅದರಲ್ಲಿ ಹರಳುಗಳು ತಾವಾಗಿಯೇ ಕಟ್ಟುತ್ತವೆ, ನಾಯಿಯ ಹೊಟ್ಟೆಯಲ್ಲಿ ಇಲ್ಲದ ಹರಳು ರಿಪೋರ್ಟಿನಲ್ಲಿ ಕಾಣಿಸಿಕೊಳ್ಳುತ್ತದೆ. ಅಂದಹಾಗೆ, ಹರಳು ಬೇರೆ, ಕಲ್ಲು ಬೇರೆ. ಹರಳು ಅಂದರೆ ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಸಣ್ಣ ಕಣ. ಹರಳು ಇರುವ ಎಷ್ಟೋ ನಾಯಿಗಳಿಗೆ ಕಲ್ಲೇ ಆಗುವುದಿಲ್ಲ, ಕಲ್ಲಿರುವ ನಾಯಿಯ ಮೂತ್ರದಲ್ಲಿ ಹರಳು ಸಿಗದೆಯೂ ಇರಬಹುದು. ರಿಪೋರ್ಟಿನ ಆ ಒಂದು ಸಾಲು ನೋಡಿ ಊಟ ಬದಲಿಸುವುದು ಅವಸರದ ಕೆಲಸ.

ಸೋಂಕಿನ ಕಲ್ಚರ್ ಪರೀಕ್ಷೆಗೆ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ಯಾವುದು ಅಂತ ನೋಡುವುದು) ಮಾತ್ರ ನೀವು ಹಿಡಿದ ಮೂತ್ರ ಸಾಲದು. ಡಾಕ್ಟರ್ ಸೂಜಿಯಿಂದ ನೇರವಾಗಿ ಮೂತ್ರಕೋಶದಿಂದ ತೆಗೆಯುತ್ತಾರೆ. ಕೇಳಲು ಭಯ, ಆದರೆ ರಕ್ತ ತೆಗೆದಷ್ಟೇ ಸಲೀಸು. ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲು ಇದಾಗಲಿ.

ಆಮೇಲೆ ಎಕ್ಸ್‌ರೇ. ಕಲ್ಲುಗಳಲ್ಲಿ ಹಲವು ಜಾತಿ, ವಿವರ ಮುಂದೆ ಇದೆ. ಸ್ಟ್ರೂವೈಟ್, ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲುಗಳು ಅದರಲ್ಲಿ ಸಾಮಾನ್ಯವಾಗಿ ಕಾಣುತ್ತವೆ. ಯೂರೇಟ್, ಸಿಸ್ಟೀನ್ ಕಲ್ಲುಗಳು ಅನೇಕ ಸಲ ಕಾಣುವುದಿಲ್ಲ, ಅದಕ್ಕೆ ಅಲ್ಟ್ರಾಸೌಂಡ್ ಬೇಕು. ಗಂಡು ನಾಯಿಯಾದರೆ ಎಕ್ಸ್‌ರೇಯಲ್ಲಿ ಹೊಟ್ಟೆ ಮಾತ್ರವಲ್ಲ, ಮೂತ್ರದ ದಾರಿ ಕೊನೆಯವರೆಗೂ ಬರಲಿ ಅಂತ ಕೇಳಿ.

ಕಲ್ಲುಗಳೆಲ್ಲ ಒಂದೇ ಅಲ್ಲ

ಎಲ್ಲಕ್ಕಿಂತ ಮುಖ್ಯವಾದ ವಿಷಯ ಇದು. ನಾಯಿಗಳಲ್ಲಿ ಸಿಗುವ ಕಲ್ಲುಗಳಲ್ಲಿ ಬಹುಪಾಲು ಎರಡೇ ಜಾತಿ, ಸ್ಟ್ರೂವೈಟ್ ಮತ್ತು ಕ್ಯಾಲ್ಸಿಯಂ ಆಕ್ಸಲೇಟ್. ಇವೆರಡರ ಸ್ವಭಾವ ಪೂರ್ತಿ ಉಲ್ಟಾ. ಒಂದಕ್ಕೆ ಔಷಧವಾದದ್ದು ಇನ್ನೊಂದನ್ನು ಬೆಳೆಸಬಹುದು.

ಸ್ಟ್ರೂವೈಟ್ ಅಂದರೆ ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿ ಆದ ಕಲ್ಲು. ನಾಯಿಗಳಲ್ಲಿ ಇದಕ್ಕೆ ಮೂಲ ಹೆಚ್ಚಾಗಿ ಸೋಂಕು. ಸ್ಟ್ಯಾಫಿಲೋಕಾಕಸ್, ಪ್ರೋಟಿಯಸ್ ತರಹದ ಕೆಲವು ಬ್ಯಾಕ್ಟೀರಿಯಾಗಳು ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ, ಮೂತ್ರ ಕ್ಷಾರವಾಗುತ್ತದೆ, ಕಲ್ಲು ಕಟ್ಟುತ್ತದೆ. ಹೆಣ್ಣು ನಾಯಿಗಳ ಮೂತ್ರದ ದಾರಿ ಗಿಡ್ಡ, ಸೋಂಕು ಸುಲಭವಾಗಿ ಒಳಗೆ ಹೋಗುತ್ತದೆ, ಹಾಗಾಗಿ ಇದು ಅವುಗಳಲ್ಲೇ ಜಾಸ್ತಿ. ಒಳ್ಳೆಯ ಸುದ್ದಿ ಏನೆಂದರೆ ಇದನ್ನು ಆಪರೇಷನ್ ಇಲ್ಲದೆಯೂ ಕರಗಿಸಬಹುದು. ಡಾಕ್ಟರ್ ಬರೆದುಕೊಡುವ ವಿಶೇಷ ಆಹಾರ, ಜೊತೆಗೆ ಸರಿಯಾದ ಆ್ಯಂಟಿಬಯಾಟಿಕ್. ಕೆಲವು ವಾರಗಳಿಂದ ಎರಡು ಮೂರು ತಿಂಗಳು ಹಿಡಿಯುತ್ತದೆ, ನಡುವೆ ತಿಂಗಳಿಗೊಮ್ಮೆಯಂತೆ ಎಕ್ಸ್‌ರೇ ತೆಗೆದು ಕಲ್ಲು ಚಿಕ್ಕದಾಗುತ್ತಿದೆಯಾ ಅಂತ ನೋಡುತ್ತಾರೆ. ಕಲ್ಲಿನ ಪದರಗಳೊಳಗೂ ಬ್ಯಾಕ್ಟೀರಿಯಾ ಅಡಗಿರುತ್ತವೆ, ಕರಗಿದಂತೆಲ್ಲ ಹೊರಗೆ ಬರುತ್ತವೆ. ಹಾಗಾಗಿ ನಾಯಿ ಗೆಲುವಾಯಿತು ಅಂತ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಈ ಆಹಾರ ಕೊಡುವಾಗ ಬೇರೆ ಏನೂ ಬಾಯಿಗೆ ಹೋಗಬಾರದು, ಒಂದು ಬಿಸ್ಕೆಟ್ ಕೂಡ. ಕೊಬ್ಬು ಜಾಸ್ತಿ ಇರುವ ಈ ಆಹಾರ ಮರಿಗಳಿಗೆ, ಬಸುರಿ ನಾಯಿಗೆ, ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಊತ) ಆಗಿದ್ದ ನಾಯಿಗೆ ಸರಿಬರುವುದಿಲ್ಲ. ಗಂಡು ನಾಯಿಯಾದರೆ, ಕಲ್ಲು ಸಣ್ಣದಾಗುತ್ತಾ ಬಂದಾಗ ಜಾರಿ ಸಿಕ್ಕಿಹಾಕಿಕೊಳ್ಳುವ ಅಪಾಯ ಇರುತ್ತದೆ, ದಿನಾ ಉಚ್ಚೆಯ ಧಾರೆ ನೋಡುತ್ತಿರಿ.

ಕ್ಯಾಲ್ಸಿಯಂ ಆಕ್ಸಲೇಟ್ ಕರಗುವುದಿಲ್ಲ. ಯಾವ ಔಷಧಿಗೂ, ಯಾವ ಆಹಾರಕ್ಕೂ, ಯಾವ ಕಷಾಯಕ್ಕೂ. ಮಧ್ಯವಯಸ್ಸು ದಾಟಿದ ಸಣ್ಣ ತಳಿಯ ಗಂಡು ನಾಯಿಗಳಲ್ಲಿ ಇದು ಹೆಚ್ಚು: ಮಿನಿಯೇಚರ್ ಶ್ನೌಜರ್, ಶಿಹ್ ತ್ಸು, ಲಾಸಾ ಆಪ್ಸೊ, ಬಿಶೋನ್ ಫ್ರೀಜ಼್, ಯಾರ್ಕ್‌ಶೈರ್ ಟೆರಿಯರ್. ತೆಗೆದ ಮೇಲೂ ಸುಮಾರು ಅರ್ಧದಷ್ಟು ನಾಯಿಗಳಲ್ಲಿ 3 ವರ್ಷದೊಳಗೆ ಮತ್ತೆ ಬರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದೆಯಾ ಅಂತ ಒಮ್ಮೆ ನೋಡಿಸಿ, ಅದಕ್ಕೆ ಬೇರೆಯೇ ಕಾರಣ ಇರಬಹುದು. ವಿಟಮಿನ್ ಸಿ ಮಾತ್ರೆ ಕೊಡುತ್ತಿದ್ದರೆ ನಿಲ್ಲಿಸಿ, ಅದು ದೇಹದಲ್ಲಿ ಆಕ್ಸಲೇಟ್ ಆಗುತ್ತದೆ. ಮೂತ್ರವನ್ನು ಆಮ್ಲೀಯ ಮಾಡುವ ಯಾವುದನ್ನೂ ಕೊಡಬೇಡಿ. ವಿನೆಗರ್, ನಿಂಬೆರಸ ಅಂತ ಸಲಹೆ ಕೊಡುವವರು ನಾಯಿಗೆ ಯಾವ ಕಲ್ಲು ಅಂತ ಕೇಳಿಯೇ ಇರುವುದಿಲ್ಲ.

ಉಳಿದವು ಕಡಿಮೆ. ಯೂರೇಟ್ ಕಲ್ಲು ಡಾಲ್ಮೇಷಿಯನ್‌ಗಳ ವಂಶದಲ್ಲೇ ಬಂದ ತೊಂದರೆ. ಬೇರೆ ತಳಿಯಲ್ಲಿ, ಅದರಲ್ಲೂ ಚಿಕ್ಕ ವಯಸ್ಸಿನಲ್ಲಿ ಕಂಡರೆ ಲಿವರ್ ಪರೀಕ್ಷೆ ಮಾಡಿಸಬೇಕು. ಇದಕ್ಕೆ ಕೊಡುವ ಅಲೋಪ್ಯೂರಿನಾಲ್ ಮಾತ್ರೆಯನ್ನು ಪ್ಯೂರಿನ್ (ಲಿವರ್, ಮಾಂಸದಂಥ ಆಹಾರದಲ್ಲಿ ಹೆಚ್ಚಿರುವ, ಯೂರೇಟ್‌ಗೆ ಮೂಲವಾದ ವಸ್ತು) ಕಡಿಮೆ ಇರುವ ಆಹಾರದ ಜೊತೆಗೇ ಕೊಡಬೇಕು, ಇಲ್ಲದಿದ್ದರೆ ಕ್ಸಾಂಥಿನ್ ಅನ್ನುವ ಇನ್ನೊಂದು ಕಲ್ಲು ಹುಟ್ಟಿಕೊಳ್ಳುತ್ತದೆ. ಸಿಸ್ಟೀನ್ ಕಲ್ಲು ಹೆಚ್ಚಾಗಿ ಬೀಜ ತೆಗೆಸದ ಗಂಡು ನಾಯಿಗಳದ್ದು, ತೆಗೆಸಿದರೆ ಎಷ್ಟೋ ನಾಯಿಗಳಲ್ಲಿ ಮತ್ತೆ ಆಗುವುದಿಲ್ಲ.

ತೆಗೆಯುವುದು

ತೀರಾ ಸಣ್ಣ ಕಲ್ಲುಗಳನ್ನು, ಮುಖ್ಯವಾಗಿ ಹೆಣ್ಣು ನಾಯಿಯಲ್ಲಿ, ಅರಿವಳಿಕೆ ಕೊಟ್ಟು ಮೂತ್ರಕೋಶಕ್ಕೆ ಸಲೈನ್ ತುಂಬಿ, ನಾಯಿಯನ್ನು ನೆಟ್ಟಗೆ ಹಿಡಿದು ಹೊರಗೆ ಹರಿಸಬಹುದು. ಕೆಲವು ಕಡೆ ಲೇಸರ್‌ನಿಂದ ಒಡೆಯುತ್ತಾರೆ. ಎಲ್ಲೆಡೆ ಸಿಗುವುದು ಆಪರೇಷನ್. ಆಪರೇಷನ್ ಆದ ತಕ್ಷಣ ಮತ್ತೊಂದು ಎಕ್ಸ್‌ರೇ ತೆಗೆಸಿ, ಒಂದು ಕಲ್ಲೂ ಒಳಗೆ ಉಳಿದಿಲ್ಲ ಅಂತ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ತೆಗೆದ ಕಲ್ಲನ್ನು ನೆನಪಿಗೆ ಇಟ್ಟುಕೊಳ್ಳಬೇಡಿ, ಒಣ ಡಬ್ಬಿಯಲ್ಲಿ ಹಾಕಿ ಪರೀಕ್ಷೆಗೆ ಕಳಿಸಿ. ಈ ಪರೀಕ್ಷೆಗೆಂದೇ ಮೀಸಲಾದ ಲ್ಯಾಬುಗಳಿವೆ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಯೂರೋಲಿತ್ ಸೆಂಟರ್ ಅವುಗಳಲ್ಲಿ ಹೆಸರಾದದ್ದು. ಕಲ್ಲನ್ನು ಕಣ್ಣಿನಲ್ಲಿ ನೋಡಿ ಜಾತಿ ಹೇಳಲು ಆಗುವುದಿಲ್ಲ.

ಮನೆಗೆ ಬಂದ ಮೇಲೆ ಕೆಲವು ದಿನ ಉಚ್ಚೆ ಕೆಂಪಗಿರುವುದು, ಪದೇ ಪದೇ ಹೋಗುವುದು ಸಹಜ. ಪೂರ್ತಿ ನಿಂತುಹೋಗುವುದು ಸಹಜವಲ್ಲ. ಕುತ್ತಿಗೆಯ ಕೋನ್ ತೆಗೆಯಬೇಡಿ, ಎಷ್ಟೇ ಮುಖ ಸಣ್ಣ ಮಾಡಿಕೊಂಡರೂ.

ನೀರು, ಮತ್ತೆ ನೀರು

ಯಾವ ಜಾತಿಯ ಕಲ್ಲಾದರೂ ಒಪ್ಪುವ ಮದ್ದು ಇದೊಂದೇ. ಕಡಿಮೆ ನೀರಿಗೆ ಜಾಸ್ತಿ ಉಪ್ಪು ಹಾಕಿದರೆ ತಳದಲ್ಲಿ ಉಳಿದುಬಿಡುತ್ತದಲ್ಲ, ಮೂತ್ರದಲ್ಲಿ ಆಗುವುದೂ ಅದೇ. ಲ್ಯಾಬ್ ರಿಪೋರ್ಟಿನಲ್ಲಿ ಸ್ಪೆಸಿಫಿಕ್ ಗ್ರಾವಿಟಿ ಅಂತ, ಮೂತ್ರ ಎಷ್ಟು ಗಟ್ಟಿ ಅಂತ ಹೇಳುವ ಒಂದು ಅಂಕಿ ಇರುತ್ತದೆ, ಅದು 1.020ಕ್ಕಿಂತ ಕೆಳಗೆ ಇರುವಂತೆ ನೋಡಿಕೊಳ್ಳುವುದೇ ಗುರಿ. ಬಟ್ಟಲು ತುಂಬಿಸಿಟ್ಟರೆ ಸಾಲದು, ನಾಯಿ ಕುಡಿಯಬೇಕಲ್ಲ. ಸುಲಭದ ದಾರಿ ಊಟದಲ್ಲೇ ನೀರು ಸೇರಿಸುವುದು. ಒಣ ಆಹಾರದಲ್ಲಿ ನೀರು ಸುಮಾರು ನೂರಕ್ಕೆ 10 ಭಾಗ ಮಾತ್ರ, ಡಬ್ಬಿಯ ಹಸಿ ಆಹಾರದಲ್ಲಿ ನೂರಕ್ಕೆ 75ರ ಆಸುಪಾಸು. ಒಣ ಆಹಾರವೇ ಕೊಡುವುದಾದರೆ ನೆನೆಸಿ ಕೊಡಿ, ನೀರನ್ನು ಮೆಲ್ಲಗೆ ಜಾಸ್ತಿ ಮಾಡುತ್ತಾ ಹೋಗಿ. ನೀರು ಕುಡಿಯಲೆಂದು ನೀವಾಗಿಯೇ ಉಪ್ಪು ಬೆರೆಸಬೇಡಿ, ಹೃದಯ ಅಥವಾ ಕಿಡ್ನಿ ತೊಂದರೆ ಇರುವ ನಾಯಿಗೆ ಅದು ಕೆಟ್ಟದ್ದು. ನೀರು ಎಷ್ಟು ಮುಖ್ಯವೋ ಹೊರಗೆ ಕರೆದುಕೊಂಡು ಹೋಗುವುದೂ ಅಷ್ಟೇ ಮುಖ್ಯ. ದಿನವಿಡೀ ತಡೆಹಿಡಿದುಕೊಂಡ ನಾಯಿಯ ಮೂತ್ರಕೋಶದಲ್ಲಿ ಹರಳಿಗೆ ಕಲ್ಲಾಗಲು ಬೇಕಾದಷ್ಟು ಹೊತ್ತು ಸಿಗುತ್ತದೆ.

ನೋವಿಗೆ ಮನುಷ್ಯರ ಐಬುಪ್ರೊಫೇನ್, ಪ್ಯಾರಾಸಿಟಮಾಲ್ ಕೊಡಬೇಡಿ. ನಾಯಿಗೆ ಅವು ವಿಷವಾಗಬಹುದು, ಮೊದಲೇ ಒತ್ತಡದಲ್ಲಿರುವ ಕಿಡ್ನಿಗೆ ಐಬುಪ್ರೊಫೇನ್ ಇನ್ನೂ ಕೆಟ್ಟದ್ದು.

ಕಲ್ಲು ಹೋದ ಮೇಲೆ ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಮರುಪರೀಕ್ಷೆ. ಆಕ್ಸಲೇಟ್ ಆಗಿದ್ದ ನಾಯಿಗೆ 3ರಿಂದ 6 ತಿಂಗಳಿಗೊಮ್ಮೆ ಎಕ್ಸ್‌ರೇ ತೆಗೆಸಿದರೆ ಹೊಸ ಕಲ್ಲು ಚಿಕ್ಕದಿರುವಾಗಲೇ ಸಿಗುತ್ತದೆ, ಆಗ ಅದನ್ನು ಸಲೈನ್ ತುಂಬಿ ಹರಿಸಿಬಿಡಬಹುದು, ಹೊಟ್ಟೆ ಕೊಯ್ಯಬೇಕಾಗಿಲ್ಲ. ಸ್ಟ್ರೂವೈಟ್ ಆಗಿದ್ದ ನಾಯಿಗೆ ಉಚ್ಚೆಯಲ್ಲಿ ಏನೇ ಬದಲಾವಣೆ ಕಂಡರೂ ಮೊದಲು ಕಲ್ಚರ್ ಮಾಡಿಸಿ, ಆಹಾರದ ವಿಚಾರ ಆಮೇಲೆ.