ಹಾಲಿನ ಪುಡಿಯ ಡಬ್ಬಿಯಿಂದ ಊದೊಲೆ

ಐಟಿಐಯಲ್ಲಿ ತಗಡಿನ ಕೆಲಸ ಕಲಿಸಿ ನಿವೃತ್ತನಾದವನು ನಾನು. ಎರಡನೇ ಮಹಾಯುದ್ಧದ ಸೆರೆಶಿಬಿರಗಳಲ್ಲಿ ಅಧಿಕಾರಿಗಳು ಡಬ್ಬಿಗಳಿಂದ ಮಾಡಿಕೊಂಡಿದ್ದ ಒಲೆಯ ಚಿತ್ರ ನೋಡಿದ ದಿನದಿಂದ ಅದನ್ನು ಮಾಡಿ ನೋಡದೆ ಸಮಾಧಾನವಿರಲಿಲ್ಲ.

1929ರ ಜಿನೀವಾ ಒಪ್ಪಂದದ ಪ್ರಕಾರ ಸೆರೆಸಿಕ್ಕ ಅಧಿಕಾರಿಗಳಿಂದ ಬಲವಂತವಾಗಿ ದುಡಿಸಿಕೊಳ್ಳುವಂತಿರಲಿಲ್ಲ. ಅವರಿಗೆ ಹೊತ್ತು ಬೇಕಾದಷ್ಟಿತ್ತು. ಇಲ್ಲದ್ದು ಅನ್ನ ಮತ್ತು ಸೌದೆ. 1945ರಲ್ಲಿ ಜರ್ಮನಿಯ ಮೂಸ್‌ಬುರ್ಗ್ ಶಿಬಿರ ಕಿಕ್ಕಿರಿದಾಗ ಬಯಲಿನಲ್ಲೇ ಇಂಥ ಒಲೆಗಳು ಉರಿಯುತ್ತಿದ್ದವು. ಡಬ್ಬಿಗಳು ಬರುತ್ತಿದ್ದದ್ದು ರೆಡ್ ಕ್ರಾಸ್ ಪೊಟ್ಟಣಗಳಿಂದ. ಕ್ಲಿಮ್ ಎಂಬ ಹಾಲಿನ ಪುಡಿಯ ಡಬ್ಬಿ ಎಲ್ಲಕ್ಕಿಂತ ಪ್ರಿಯ. ಮಿಲ್ಕ್ ಎಂಬುದನ್ನು ಹಿಂದುಮುಂದಾಗಿಸಿದರೆ ಕ್ಲಿಮ್.

ಮಗಳ ಮನೆಯಲ್ಲಿ ಕೂಸಿನ ಹಾಲಿನ ಪುಡಿಯ ಡಬ್ಬಿಗಳು ಸಿಕ್ಕವು. ಕತ್ತರಿ, ಚಾಕು, ಮೊಳೆ, ಒಂದು ಗುಂಡುಕಲ್ಲು: ಇಷ್ಟರಲ್ಲೇ ಮುಗಿಸಬೇಕೆಂದು ಪಣ ತೊಟ್ಟೆ. ಬೆಸುಗೆ ಇಲ್ಲ. ಎರಡು ತಗಡಿನ ಅಂಚುಗಳನ್ನು ಕೊಕ್ಕೆಯಂತೆ ಮಡಚಿ, ಒಂದರೊಳಗೊಂದು ಸಿಕ್ಕಿಸಿ, ಕಲ್ಲಿನಿಂದ ಬಡಿದು ಕೂಡಿಸಿದೆ. ಜರ್ಮನ್ನರ ಸಾಗಾನ್ ಸೆರೆಶಿಬಿರದಿಂದ ತಪ್ಪಿಸಿಕೊಳ್ಳಲು ಕೈದಿಗಳು ತೋಡಿದ ಸುರಂಗಕ್ಕೆ ಗಾಳಿಯ ಕೊಳವೆಯಾದದ್ದೂ ತಳ ತೆಗೆದು ಜೋಡಿಸಿದ ಇಂಥವೇ ಡಬ್ಬಿಗಳು. 1944ರ ಮಾರ್ಚ್‌ನಲ್ಲಿ ಆ ಸುರಂಗದಿಂದ 76 ಮಂದಿ ಹೊರಬಿದ್ದರು. ಮತ್ತೆ ಸಿಕ್ಕಿಬಿದ್ದವರಲ್ಲಿ 50 ಮಂದಿಯನ್ನು ಗುಂಡಿಟ್ಟು ಕೊಂದರು. ಅಂಚು ಮಡಚುವಾಗೆಲ್ಲ ಈ ಲೆಕ್ಕ ನನ್ನನ್ನು ಕಾಡುತ್ತಿತ್ತು.

ಒಲೆಯ ಜೀವ ಇರುವುದು ಗಾಲಿಯಲ್ಲಿ. ಹಲಗೆಯ ಒಂದು ತುದಿಗೆ 20 ಸೆಂಟಿಮೀಟರ್ ಅಗಲದ ಮರದ ಗಾಲಿ, ಅದಕ್ಕೆ ಹಿಡಿ. ಪಕ್ಕದಲ್ಲಿ ಎರಡೂವರೆ ಸೆಂಟಿಮೀಟರಿನ ಪುಟ್ಟ ರಾಟೆ, ಅದರ ಅಚ್ಚಿಗೇ ಒಂದು ಡಬ್ಬಿಯೊಳಗೆ ಗಾಳಿ ಬೀಸುವ ತಗಡಿನ ರೆಕ್ಕೆ. ಎರಡಕ್ಕೂ ಬೂಟಿನ ದಾರದ ಪಟ್ಟಿ. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಆ ರೆಕ್ಕೆ ಎಂಟು ಸುತ್ತು ಹೊಡೆಯುತ್ತದೆ. ಗಾಳಿ ಕೊಳವೆಯಲ್ಲಿ ಸಾಗಿ, ತೂತು ಕೊರೆದ ತಳದ ಮೂಲಕ ಬೆಂಕಿಯ ಡಬ್ಬಿಗೆ ನುಗ್ಗುತ್ತದೆ. ಕಮ್ಮಾರನ ತಿದಿ ಮಾಡುವ ಕೆಲಸವೇ. ಆದರೆ ತಿದಿಯಂತೆ ಬಿಟ್ಟುಬಿಟ್ಟು ಊದುವುದಿಲ್ಲ, ಗಾಳಿಗೆ ಬಿಡುವೇ ಇಲ್ಲ.

ಮೊದಲ ಒಲೆ ಹಾಳಾಯಿತು. ಬೆಂಕಿಯ ಡಬ್ಬಿಯ ತಳ ಕೆಂಪಗೆ ಕಾದು ಕುಸಿಯಿತು. ಎರಡನೆಯದರ ಒಳಮೈಗೆ ಬೆರಳ ದಪ್ಪ ಜೇಡಿಮಣ್ಣು ಮೆತ್ತಿ ಎರಡು ದಿನ ನೆರಳಿನಲ್ಲಿ ಒಣಗಿಸಿದೆ. ದಾರವೂ ಜಾರುತ್ತಿತ್ತು, ರಾಟೆಯಲ್ಲಿ ದಾರ ಕೂರುವ ತೋಡನ್ನು ಮೊಳೆಯಿಂದ ಒರಟು ಮಾಡಿದ ಮೇಲೆ ಹಿಡಿಯಿತು.

ಎರಡು ಹಿಡಿ ತೆಂಗಿನ ಕರಟದ ಚೂರು ಹಾಕಿ ಹೊತ್ತಿಸಿದೆ. ಮೆಲ್ಲಗೆ ತಿರುಗಿಸಬೇಕು, ಅವಸರಪಟ್ಟರೆ ಬೂದಿ ಹಾರಿ ಪಾತ್ರೆಗೆ ಬೀಳುತ್ತದೆ. ಐದು ನಿಮಿಷದೊಳಗೆ ಅರ್ಧ ಲೀಟರ್ ನೀರು ಕುದಿಯಿತು. ಹೆಂಡತಿ ಚಹಾಪುಡಿ ತಂದಳು. ಲೋಟ ಬರಿದಾದಾಗಲೂ ಒಲೆಯ ತಳದಲ್ಲಿ ಕೆಂಡ ಉಳಿದಿತ್ತು. ಅದನ್ನು ಆರಿಸಲು ಮನಸ್ಸು ಬಾರದೆ ಇನ್ನೊಂದು ಪಾತ್ರೆ ನೀರಿಟ್ಟೆ.