ಕಾನೆಸ್ ಪೂರ್ವ ರಿಡ್ಜ್: ಟ್ರ್ಯಾಕ್ ಫೈಲ್ ಇಲ್ಲದೆ ಹಾಕಿದ ರೂಟ್

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾದ ಮೌಂಟ್ ಕಾನೆಸ್ (12,590 ಅಡಿ) ಪೂರ್ವ ರಿಡ್ಜ್‌ಗೆ (ನೆತ್ತಿಗೇರುವ ಬೆಟ್ಟದ ಬೆನ್ನು) ಬರೀ ನಕ್ಷೆ ಓದಿ ರೂಟ್ ಹಾಕುತ್ತೇನೆ ಅಂದಾಗ ನಮ್ಮ ಬೇ ಏರಿಯಾ ಚಾರಣದ ಗುಂಪಿನಲ್ಲಿ ಯಾರೂ ಒಪ್ಪಿರಲಿಲ್ಲ. ಕೊನೆಗೆ ಹೋಗಿ ಬಂದಾಗ, ಹಾಕಿದ ಗೆರೆಯಿಂದ ಹೆಚ್ಚೆಂದರೆ ನೂರಡಿ ಆಚೀಚೆ ಆಗಿರಬಹುದು, ಅಷ್ಟೇ. ಹಗ್ಗ ಬೇಕಾಗಲಿಲ್ಲ.

ಬೇರೆಯವರ ಟ್ರ್ಯಾಕ್ ಫೈಲ್ (ಅವರು ನಡೆದ ದಾರಿಯ ಜಿಪಿಎಸ್ ದಾಖಲೆ) ದುಡ್ಡು ಕೊಟ್ಟು ತಂದರೂ ಇಂಥ ಕಡೆ ಕೈಕೊಡುತ್ತದೆ. ಬಂಡೆಗೋಡೆಗಳ ಪಕ್ಕ ಜಿಪಿಎಸ್ 20–30 ಮೀಟರ್ ತಪ್ಪುವುದುಂಟು. ಬಯಲಲ್ಲಿ ಅದು ಲೆಕ್ಕಕ್ಕಿಲ್ಲ. ರಿಡ್ಜ್ ಮೇಲೆ ಅಷ್ಟು ಸರಿದರೆ ಗೆರೆ ಉತ್ತರದ ಹಿಮನದಿಯ ಕಡೆ ಪ್ರಪಾತಕ್ಕಿಳಿಯುತ್ತದೆ. ಹೋದವರು ಹಗ್ಗ ಕಟ್ಟಿದ್ದರೋ, ಆಗ ಹಿಮ ಎಷ್ಟಿತ್ತೋ, ಅದೂ ಫೈಲ್‌ನಲ್ಲಿ ಇರುವುದಿಲ್ಲ.

ನಾನು ಗೆರೆ ಎಳೆಯುವುದು ನೆತ್ತಿಯಿಂದ ಕೆಳಕ್ಕೆ. ಹತ್ತುವಾಗ ಕಡಿದಾದ ಬಂಡೆ ಕಣ್ಣೆದುರಿಗೇ ಇರುತ್ತದೆ. ಇಳಿಯುವಾಗ ಅದೇ ಬಂಡೆ ಕಾಲಡಿಗೆ ಕಾಣುವುದೇ ಇಲ್ಲ. ಇಳಿಯಲು ಆಗುವ ದಾರಿ ಮೊದಲು ಸಿಗಬೇಕು, ಅದರಲ್ಲೇ ಹತ್ತಬೇಕು.

1:24,000 ನಕ್ಷೆ, 40 ಅಡಿಗೊಂದು ಕಂಟೂರ್ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ). ಗೆರೆಗಳ ನಡುವೆ 1 ಮಿ.ಮೀ. ಇದ್ದರೆ ಇಳಿಜಾರು ಸುಮಾರು 27 ಡಿಗ್ರಿ, ಆರಾಮಾಗಿ ನಡೆಯಬಹುದು. ಅರ್ಧ ಮಿ.ಮೀ. ಆದರೆ 45; ಅಲ್ಲಿ ಕೈ ಊರಲೇಬೇಕು. ಇವೆರಡರ ಮಧ್ಯೆ, 35ರ ಆಸುಪಾಸಿನಲ್ಲಿ, ಸಡಿಲ ಕಲ್ಲು ನಿಲ್ಲುವ ಕೊನೆಯ ಮಿತಿ ಇದೆ. ಸುಸ್ತಾಗಿಸುವುದು ಅದೇ: ಎರಡು ಹೆಜ್ಜೆ ಮೇಲಿಟ್ಟರೆ ಒಂದು ಹೆಜ್ಜೆ ಕೆಳಗೆ.

ಆದರೆ 35 ಅಡಿಯ ಗೋಡೆ ಎರಡು ಕಂಟೂರ್‌ಗಳ ನಡುವೆ ಪೂರ್ತಿ ಅಡಗಿ ಕೂರಬಲ್ಲದು. ವರ್ಷಕ್ಕಿಷ್ಟು ಅಂತ ದುಡ್ಡು ಕೊಡುವ ಆಪ್‌ನ ಇಳಿಜಾರು ಬಣ್ಣಗಳೂ ಅದನ್ನು ಸರಾಸರಿ ಮಾಡಿ ಸವರಿಬಿಡುತ್ತವೆ. ಅದನ್ನು ಹಿಡಿಯಲು ಉಪಗ್ರಹ ಚಿತ್ರದ ನೆರಳು ನೋಡಿ. ಬೇರೆ ಬೇರೆ ವರ್ಷಗಳ ಚಿತ್ರ ತೆಗೆದು, ಒಂದೇ ಜಾಗದಲ್ಲಿ ತೆಳ್ಳನೆ ಕಪ್ಪು ಅಂಚು ಮತ್ತೆ ಮತ್ತೆ ಬಂದರೆ ಅದು ಗೋಡೆ. ಯಾವ ಗಂಟೆಯ ನೆರಳಿನಿಂದ ಎತ್ತರ ಎಷ್ಟೆಂದು ಲೆಕ್ಕ ಹಾಕುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಇದೇ ಚಿತ್ರಗಳಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ಕಲ್ಲುರಾಶಿಯ ಬಣ್ಣ ಹೋಲಿಸಿ ನೋಡಿದರೆ, ಕಪ್ಪಗಿರುವುದು ಕಲ್ಲುಹೂ ಹಿಡಿದದ್ದು, ಬಹುಕಾಲದಿಂದ ಅಲುಗದ್ದು. ಬಿಳಿಚಿಕೊಂಡದ್ದು ಈಚೆಗೆ ಉರುಳಿದ್ದು. ಎರಡೂ ಒಂದೇ ಇಳಿಜಾರಿನಲ್ಲಿದ್ದರೆ ಸುತ್ತಾದರೂ ಕಪ್ಪು ಪಟ್ಟಿಯನ್ನೇ ಹಿಡಿಯಿರಿ. ಕೆಳಗೆ ತೊರೆಯ ಬದಿಯ ವಿಲ್ಲೋ ಪೊದೆ ಬೇಡವೇ ಬೇಡ, ಹಾಸುಬಂಡೆ ಮೇಲೆ ನಡೆಯಿರಿ. ಉತ್ತರಕ್ಕೆ ಮುಖ ಮಾಡಿದ ಕೊರಕಲಿನಲ್ಲಿ ಜುಲೈನಲ್ಲೂ ಗಟ್ಟಿ ಹಿಮ ಇರುತ್ತದೆ.

ಸಾಮಿಲ್ ಕ್ಯಾಂಪ್‌ನಿಂದ (ಸುಮಾರು 9,800 ಅಡಿ) ಹಳೆಯ ಕಾರ್ನೆಗಿ ಸಂಶೋಧನಾ ಕೇಂದ್ರದವರೆಗೆ ಕಾಲುದಾರಿ ಇದೆ. ಮುಂದೆ ನಿಮ್ಮ ಗೆರೆಯೇ ಗತಿ. ಒಟ್ಟು ಏರು 2,800 ಅಡಿ ಚಿಲ್ಲರೆ. ಕುಮಾರಪರ್ವತ ಹತ್ತಿದವರಿಗೆ ಕಾಲಿನ ಚಿಂತೆ ಇಲ್ಲ, ತೆಳು ಗಾಳಿಯದ್ದೇ ಚಿಂತೆ. ಹಿಂದಿನ ರಾತ್ರಿ ಸಾಮಿಲ್ ಕ್ಯಾಂಪ್‌ನಲ್ಲೇ ಮಲಗಿ.

ಸಮಯಕ್ಕೆ ನನ್ನ ಲೆಕ್ಕ: ದಾರಿಯಿಲ್ಲದ ಕಡೆ ಮೈಲಿಗೊಂದು ಗಂಟೆ, ಅದರ ಮೇಲೆ ಸಾವಿರ ಅಡಿ ಏರಿಗೆ ಇನ್ನೊಂದು. ನೆತ್ತಿಯ ಹತ್ತಿರದ ಕಿರಿದಾದ ಭಾಗಕ್ಕೆ ಅರ್ಧ ಗಂಟೆ ಬೇರೆ ಇಡಿ.

ಒಂದೇ ದಿನಕ್ಕೆ ಹೋಗಿ ಬಂದರೆ ಪರ್ಮಿಟ್ ಬೇಕಿಲ್ಲ. ಟಯೋಗಾ ರಸ್ತೆಯಲ್ಲಿ ಬಂದರೆ ಯೋಸೆಮಿಟಿ ಪ್ರವೇಶ ಕಾರಿಗೆ 35 ಡಾಲರ್ ಇತ್ತು, ಹೆಲ್ಮೆಟ್‌ಗೆ 60ರ ಆಸುಪಾಸು. ಹೆಲ್ಮೆಟ್‌ನಲ್ಲಿ ಮಾತ್ರ ಉಳಿತಾಯ ಮಾಡಬೇಡಿ, ಮುಂದಿನವರು ಉರುಳಿಸುವ ಕಲ್ಲು ಹಿಂದಿನವರ ತಲೆಗೇ ಬರುವುದು. ಜುಲೈ-ಆಗಸ್ಟ್‌ನಲ್ಲಿ ಮಧ್ಯಾಹ್ನ ಸಿಡಿಲು ಬರುತ್ತದೆ. ಹನ್ನೊಂದರೊಳಗೆ ನೆತ್ತಿ ಸಿಗದಿದ್ದರೆ ನಾವು ಎಲ್ಲಿದ್ದೇವೋ ಅಲ್ಲಿಂದಲೇ ತಿರುಗುತ್ತೇವೆ.