ಅದಿರಿನ ಕಲ್ಲಿನಿಂದ ಸಮುದ್ರದ ಪಾಠ

ಸಂಡೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನನಗೆ ಸಮುದ್ರದ ಹುಚ್ಚು. ರಜೆ ಸಿಕ್ಕರೆ ಕಾರವಾರದ ಬಸ್ಸು ಹತ್ತುತ್ತೇನೆ. ಆದರೂ ತರಗತಿಯಲ್ಲಿ ಸಮುದ್ರದ ಪಾಠವನ್ನು ಶಂಖ, ಕಪ್ಪೆಚಿಪ್ಪುಗಳಿಂದ ಶುರು ಮಾಡುವುದಿಲ್ಲ. ಅವು ಕೈಯಿಂದ ಕೈಗೆ ದಾಟಿ, "ಚಂದ ಅದಾವ್ರಿ" ಅನ್ನಿಸಿಕೊಂಡು ಮುಗಿದುಹೋಗುತ್ತವೆ. ನಾನು ಮೊದಲು ಮೇಜಿನ ಮೇಲಿಡುವುದು ನಮ್ಮ ಗುಡ್ಡದ್ದೇ ಪಟ್ಟೆ ಪಟ್ಟೆ ಕಬ್ಬಿಣದ ಅದಿರಿನ ಕಲ್ಲು.

"ಇದು ಸಮುದ್ರದ ತಳದಾಗ ಹುಟ್ಟಿದ್ದು" ಅಂದರೆ ಯಾರೂ ನಂಬುವುದಿಲ್ಲ. "ನಮ್ಮೂರಾಗ ಸಮುದ್ರ ಇತ್ತೇನ್ರೀ ಸರ್?" ಆಗ ಬಾಟಲಿ ಹೊರಗೆ ಬರುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಚೂರು ಅನ್ನಭೇದಿ (ಕಬ್ಬಿಣದ ಒಂದು ಲವಣ) ಕರಗಿಸಿ, ವಾಷಿಂಗ್ ಸೋಡಾದ ನೀರು ಬೆರೆಸಿದರೆ ಹಸಿರು ಗಸಿ ಕೂರುತ್ತದೆ. ಅರ್ಧ ಬಾಟಲಿ ಗಾಳಿ ಇರುವಂತೆ ಮುಚ್ಚಳ ಬಿಗಿದು ಕುಲುಕುತ್ತಾ ಹೋದರೆ ಗಸಿ ಕಂದುಬಣ್ಣಕ್ಕೆ ತಿರುಗುತ್ತದೆ. (ಬಿಳಿ ಸಮವಸ್ತ್ರದ ದಿನ ಇದು ಬೇಡ, ಕಲೆ ಹೋಗುವುದಿಲ್ಲ.) ಸುಮಾರು 270 ಕೋಟಿ ವರ್ಷಗಳ ಹಿಂದಿನ ಕಡಲಲ್ಲೂ ಕಬ್ಬಿಣ ಹೀಗೇ ಕರಗಿಕೊಂಡಿತ್ತು, ಸೂಕ್ಷ್ಮಜೀವಿಗಳು ಬಿಟ್ಟ ಆಮ್ಲಜನಕ ತಾಗಿ ತಳಕ್ಕಿಳಿಯಿತು ಎಂಬುದು ವಿಜ್ಞಾನಿಗಳು ಕೊಡುವ ಒಂದು ಮುಖ್ಯ ವಿವರಣೆ. ಅಂಥ ಜೀವಿಗಳ ಪದರಗಳಿಂದಾದ ಸ್ಟ್ರೊಮ್ಯಾಟೊಲೈಟ್ ಶಿಲೆಗಳು ಸಂಡೂರಿನ ಸೀಮೆಯಲ್ಲೇ ಸಿಕ್ಕಿವೆ. ಇಷ್ಟು ಹೇಳಿದ ಮೇಲೆ ಗುಡ್ಡದ ಕಡೆ ಹೊರಟರೆ ಹುಡುಗರು ನನಗಿಂತ ಮುಂದಿರುತ್ತಾರೆ.

ಉಪ್ಪುನೀರಿನಲ್ಲಿ ಮೊಟ್ಟೆ ತೇಲಿಸುವ ಪ್ರಯೋಗ ಎಲ್ಲರಿಗೂ ಗೊತ್ತು. ನಾನು ಲೀಟರ್ ನೀರಿಗೆ 35 ಗ್ರಾಂ ಉಪ್ಪು ತೂಗಿ ಹಾಕಿಸುತ್ತೇನೆ, ಸಮುದ್ರದಲ್ಲಿರುವಷ್ಟೇ. ತಾಜಾ ಮೊಟ್ಟೆ ಮುಳುಗುತ್ತದೆ! ತೇಲಬೇಕಾದರೆ ಇನ್ನೂ ಎಷ್ಟೋ ಉಪ್ಪು ಸುರಿಯಬೇಕು. ಮೊಟ್ಟೆ ತೇಲಿದ ಗ್ಲಾಸಿಗೆ 'ಸಮುದ್ರದ ನೀರು' ಎಂದು ಚೀಟಿ ಹಚ್ಚುವುದು ನನಗೆ ಹಿಡಿಸದ ಸಂಗತಿ.

ಕಾರವಾರದಿಂದ ನಾನು ತಪ್ಪದೆ ತರುವುದು ಉಬ್ಬರ ಇಳಿತದ ಹೊತ್ತು ಬರೆದ ನೋಟ್‌ಬುಕ್. ಬಂಡೆಗಳ ಸಂದಿನಲ್ಲಿ ಏಡಿ ನೋಡಲು ಹೋಗುವವನಿಗೆ ನೀರು ಯಾವಾಗ ಇಳಿಯುತ್ತದೆಂದು ಗೊತ್ತಿರಲೇಬೇಕು. ಆ ಅಂಕಿಗಳನ್ನು ಒಂಬತ್ತನೇ ತರಗತಿಯವರು ಗ್ರಾಫ್ ಹಾಳೆಗೆ ಇಳಿಸುತ್ತಾರೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದು ಅವರಿಗೇ ಕಾಣುತ್ತದೆ. ಚಂದ್ರ ಹುಟ್ಟುವುದೂ ದಿನದಿನಕ್ಕೆ ತಡ ಅಂತ ಯಾರಾದರೂ ಹೇಳುವವರೆಗೆ ನಾನು ಬಾಯಿ ಬಿಡುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಲೆಕ್ಕ ಮನೆಯಲ್ಲೇ ಕೇಳಿ ಬೆಳೆದವರು. ಆ ದಿನಗಳ ಆಸುಪಾಸಿನಲ್ಲಿ ಉಬ್ಬರ ದೊಡ್ಡದು ಎನ್ನುವುದು ಬೇಗ ಹತ್ತುತ್ತದೆ.

ಈ ಸಲ ಒಬ್ಬ ಹುಡುಗಿ ಕೇಳಿದಳು: "ಸರ್, ಹಂಗಾರ ಟಿ.ಬಿ. ಡ್ಯಾಮಿನಾಗ ಯಾಕ ಉಬ್ಬರ ಬರಂಗಿಲ್ಲ?" ಬರುತ್ತದೆ, ಅಳೆಯಲಾರದಷ್ಟು ಚಿಕ್ಕದು. ತುಂಗಭದ್ರಾ ಜಲಾಶಯದ ಈ ತುದಿಗೂ ಆ ತುದಿಗೂ ಚಂದ್ರನ ಸೆಳೆತದಲ್ಲಿ ಹೆಚ್ಚುಕಮ್ಮಿ ವ್ಯತ್ಯಾಸವೇ ಇಲ್ಲ. ಸಾವಿರಾರು ಕಿಲೋಮೀಟರ್ ಹರಡಿದ ಕಡಲಿಗೆ ಅದು ಇದೆ. ಅವಳಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಹುಣ್ಣಿಮೆಗೆ ಹೊಸಪೇಟೆಯ ಮಾವನ ಮನೆಗೆ ಹೋದಾಗ ದಡದಲ್ಲಿ ಕೋಲು ನೆಟ್ಟು ನೋಡುತ್ತಾಳಂತೆ. ಕಾಲುವೆಗೆ ನೀರು ಬಿಟ್ಟಾಗ ಇಳಿಯುವುದನ್ನೂ ಲೆಕ್ಕಕ್ಕೆ ಹಿಡಿ ಅಂದಿದ್ದೇನೆ.